ಬಸ್ಸು, ನಡಿಗೆ ಮತ್ತು ಮುಪ್ಪು

ದೀರ್ಘಾಯುಷ್ಯವನ್ನು ಬಯಸದವರು ಯಾರೂ ಇಲ್ಲ; ಆದರೆ ಮುಪ್ಪನ್ನು ಬಯಸುವವರೂ ಇಲ್ಲ. ನಮ್ಮ ಹಿರಿಯರು ಮಕ್ಕಳನ್ನು ‘ನೂರು ವರ್ಷ ಬಾಳು’ ಎಂದು ಹರಸುತ್ತಾರೆ. ತಮ್ಮ ವಿಷಯಕ್ಕೆ ಬಂದಾಗ ಮಾತ್ರ ಅವರ ಕೋರಿಕೆ ಬೇರೆ. ‘ಕೈಕಾಲು ಗಟ್ಟಿಯಾಗಿರಲಿ, ಇನ್ನೊಬ್ಬರಿಗೆ ಹೊರೆಯಾಗದಿರಲಿ’ ಎಂದು ಅವರು ಪ್ರಾರ್ಥಿಸುತ್ತಾರೆ. ಬಹುಕಾಲ ಬದುಕುವುದು ಒಂದು ಮಾತು. ಬದುಕಿರುವಷ್ಟು ಕಾಲ ತನ್ನ ಕಾಲ ಮೇಲೆ ತಾನು ನಿಲ್ಲುವುದು ಇನ್ನೊಂದು ಮಾತು. ಈ ಎರಡನೆಯದನ್ನು ಉಳಿಸಿಕೊಳ್ಳುವ ಉಪಾಯಗಳಲ್ಲಿ ನಾವು ದಿನವೂ ಕಾಣುವ ಬಸ್ಸೂ ಒಂದು ಎಂದರೆ ಆಶ್ಚರ್ಯವಾಗಬಹುದು. ವಾಹನವು ನಡೆಯುವ ಶ್ರಮವನ್ನು ತಪ್ಪಿಸುವುದಕ್ಕಾಗಿ ಹುಟ್ಟಿದುದಲ್ಲವೆ? ಅದು ನಡಿಗೆಯನ್ನು ಉಳಿಸುವುದು ಹೇಗೆ? ವಿಶೇಷವೇನೆಂದರೆ, ದೇಹಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ಸಂಬಂಧವನ್ನು ವಿಜ್ಞಾನಿಗಳು ಸ್ಪಷ್ಟವಾಗಿ ಕಂಡುಕೊಂಡದ್ದೇ ಬಸ್ಸಿನಲ್ಲಿ.

ಎರಡನೆಯ ಮಹಾಯುದ್ಧದ ಅನಂತರ ಇಂಗ್ಲೆಂಡಿನಲ್ಲಿ ಹೃದಯಾಘಾತದಿಂದ ಸಾಯುವವರ ಸಂಖ್ಯೆ ಏರುತ್ತಿತ್ತು. ಅದಕ್ಕೆ ಕಾರಣವೇನೆಂಬುದು ತಿಳಿದಿರಲಿಲ್ಲ. ಜೆರಿ ಮಾರಿಸ್ ಎಂಬ ವೈದ್ಯರು ಅದನ್ನು ಅರಸಲು ಹೊರಟರು. ಆಗ ಲಂಡನ್ ನಗರದಲ್ಲಿ ಎರಡಂತಸ್ತಿನ ಬಸ್ಸುಗಳು ಓಡಾಡುತ್ತಿದ್ದವು. ಪ್ರತಿಯೊಂದು ಬಸ್ಸಿನಲ್ಲಿಯೂ ಒಬ್ಬ ಚಾಲಕ, ಒಬ್ಬ ನಿರ್ವಾಹಕ. ಇಬ್ಬರೂ ಒಂದೇ ಊರಿನವರು, ಒಂದೇ ಸಂಸ್ಥೆಯ ನೌಕರರು, ಸಾಮಾನ್ಯವಾಗಿ ಒಂದೇ ಬಗೆಯ ಬಾಳನ್ನು ಬಾಳುವವರು. ಅವರಲ್ಲಿದ್ದ ದೊಡ್ಡ ವ್ಯತ್ಯಾಸ ಒಂದೇ. ಚಾಲಕನು ತನ್ನ ಕೆಲಸದ ವೇಳೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಕುಳಿತೇ ಇರುತ್ತಿದ್ದನು. ನಿರ್ವಾಹಕನಾದರೋ ಚೀಟಿ ಕೊಡುವುದಕ್ಕಾಗಿ ದಿನವೊಂದಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಿದ್ದನು.

ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಸಾರಿಗೆ ಸಂಸ್ಥೆಯಲ್ಲಿ ದುಡಿಯುತ್ತಿದ್ದ, 35ರಿಂದ 64 ವರ್ಷದೊಳಗಿನ ಸುಮಾರು 31,000 ಗಂಡಸರ ಆರೋಗ್ಯದ ಲೆಕ್ಕವನ್ನು 1949–50ರಲ್ಲಿ ಪರಿಶೀಲಿಸಿದರು. ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆಯಾಗಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಅದರ ತೀವ್ರತೆಯೂ ಕಡಿಮೆಯಾಗಿರುತ್ತಿತ್ತು. ಆದರೂ ಮಾರಿಸರು ಕೂಡಲೆ ತೀರ್ಮಾನಕ್ಕೆ ಬರಲಿಲ್ಲ. ಜನಸಂದಣಿಯ ಬೀದಿಗಳಲ್ಲಿ ಬಸ್ಸು ನಡೆಸುವವರ ಮನಸ್ಸಿನ ಆತಂಕವೇ ಕಾಯಿಲೆಗೆ ಕಾರಣವಾಗಿರಬಾರದೇಕೆ? ಈ ಸಂದೇಹವನ್ನು ಪರಿಹರಿಸಿಕೊಳ್ಳಲು ಅವರು ಅಂಚೆ ಇಲಾಖೆಯ ಕಡೆಗೆ ತಿರುಗಿದರು. ಅಲ್ಲಿಯೂ ಅದೇ ಕಥೆ. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಅಂಚೆಯವರಿಗಿಂತ ಕುಳಿತು ಕೆಲಸಮಾಡುವ ಗುಮಾಸ್ತರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿತ್ತು. ಈ ಸಂಶೋಧನೆ 1953ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮುಂದೆ ಅವರು ನೌಕರರಿಗೆ ಕೊಡುವ ಸಮವಸ್ತ್ರದ ಅಳತೆಗಳನ್ನೂ ಬಿಡದೆ ನೋಡಿದರು. ಚಾಲಕರ ಷರಾಯಿಗಳ ಸೊಂಟದ ಅಳತೆ ದೊಡ್ಡದಾಗಿತ್ತು. ಹಾಗಾದರೆ ಕಾಯಿಲೆಗೆ ಬೊಜ್ಜೊಂದೇ ಕಾರಣವೆ? ಅದೂ ಅಲ್ಲವೆಂದು ತಿಳಿದುಬಂದಿತು. ತೆಳ್ಳಗಿನವರನ್ನು ತೆಳ್ಳಗಿನವರೊಡನೆ, ದಪ್ಪಗಿನವರನ್ನು ದಪ್ಪಗಿನವರೊಡನೆ ಹೋಲಿಸಿದಾಗಲೂ ನಿರ್ವಾಹಕರೇ ಹೆಚ್ಚು ಸುರಕ್ಷಿತರಾಗಿದ್ದರು. ಮಾರಿಸರು ತಾವು ಕಂಡ ಸತ್ಯವನ್ನು ತಾವೇ ಆಚರಿಸಿದರು. ಮುಪ್ಪಿನಲ್ಲಿಯೂ ವ್ಯಾಯಾಮವನ್ನು ಬಿಡದ ಅವರು 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ನಡಿಗೆಯಿಂದ ದೇಹದೊಳಗೆ ಆಗುವುದೇನು? ಕಾಲಿನ ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಬಿಗಿದು ಸಡಿಲುತ್ತ, ಕೆಳಗಿಳಿದ ರಕ್ತವನ್ನು ಹೃದಯದ ಕಡೆಗೆ ಒತ್ತುತ್ತವೆ. ದುಡಿಯುವ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಬಳಸುತ್ತವೆ. ದೇಹದ ಭಾರವನ್ನು ಹೊತ್ತು ನಡೆಯುವುದರಿಂದ ಮೂಳೆಗಳ ಬಲ ಉಳಿಯುತ್ತದೆ. ವಯಸ್ಸು ಏರಿದಂತೆ ಸ್ನಾಯುಗಳು ಸಹಜವಾಗಿಯೇ ಕ್ಷೀಣಿಸುತ್ತವೆ, ದೇಹದ ಸಮತೋಲ ತಪ್ಪುತ್ತದೆ. ಮುದುಕರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಕ್ಷಯವನ್ನು ಪೂರ್ತಿಯಾಗಿ ತಡೆಯುವ ಔಷಧವಿಲ್ಲ. ಆದರೆ ಬಳಸಿದ ಕಾಲು ಬಳಸದ ಕಾಲಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ.

ನಿರ್ವಾಹಕನು ಮೆಟ್ಟಿಲು ಹತ್ತಿದ್ದು ಸರಿ. ಕುಳಿತು ಹೋಗುವ ಪ್ರಯಾಣಿಕನಿಗೆ ಬಂದ ಲಾಭವೇನು? ಇದಕ್ಕೆ ಉತ್ತರ ಬಸ್ಸಿನ ಒಳಗಿಲ್ಲ, ಹೊರಗಿದೆ. ಸ್ವಂತ ವಾಹನವು ಮನೆಯ ಬಾಗಿಲಿನಲ್ಲಿ ಹತ್ತಿಸಿಕೊಂಡು ಕೆಲಸದ ಬಾಗಿಲಿನಲ್ಲಿ ಇಳಿಸುತ್ತದೆ. ಬಸ್ಸು ಹಾಗಲ್ಲ. ಅದು ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. ನಾವೇ ಅದರ ಬಳಿಗೆ ನಡೆಯಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ಅಮೆರಿಕದಲ್ಲಿ 2001ರಲ್ಲಿ ನಡೆದ ಪ್ರಯಾಣ ಸಮೀಕ್ಷೆಯ ಪ್ರಕಾರ, ಬಸ್ಸು ಮತ್ತು ರೈಲುಗಳನ್ನು ಬಳಸುವವರಲ್ಲಿ ಅರ್ಧದಷ್ಟು ಜನ ನಿಲ್ದಾಣಕ್ಕೆ ಹೋಗಿಬರುವುದರಲ್ಲಿಯೇ ದಿನಕ್ಕೆ 19 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆಯುತ್ತಿದ್ದರು. ನೂರಕ್ಕೆ 29 ಜನ ಅರ್ಧಗಂಟೆಯಷ್ಟು ಅಥವಾ ಅದಕ್ಕೂ ಹೆಚ್ಚು ನಡೆಯುತ್ತಿದ್ದರು. ವಯಸ್ಕರು ಮತ್ತು ವೃದ್ಧರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಚುರುಕು ನಡಿಗೆಯಂತಹ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 19 ನಿಮಿಷವೆಂದರೆ ವಾರಕ್ಕೆ 133 ನಿಮಿಷ. ವ್ಯಾಯಾಮವೆಂಬ ಹೆಸರಿಲ್ಲದೆಯೇ ವ್ಯಾಯಾಮದ ಬಹುಪಾಲು ಮುಗಿದಂತಾಯಿತು. ಬೆಳಗಿನ ಓಟವನ್ನು ನಾವು ಸೋಮಾರಿತನದಿಂದ ತಪ್ಪಿಸಬಹುದು. ಬಸ್ಸಿಗೆ ನಡೆಯುವುದನ್ನು ತಪ್ಪಿಸುವಂತಿಲ್ಲ.

ಈ ಲಾಭ ಹಿರಿಯರಿಗೂ ಸಲ್ಲುತ್ತದೆ. ಇಂಗ್ಲೆಂಡಿನಲ್ಲಿ 2006ರಲ್ಲಿ ವೃದ್ಧರಿಗೆ ತಮ್ಮ ಪ್ರದೇಶದ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯ ದೊರೆಯಿತು. 2008ರಲ್ಲಿ ಅದು ದೇಶದಾದ್ಯಂತ ವಿಸ್ತಾರವಾಯಿತು. ಆ ಚೀಟಿಯನ್ನು ಹೊಂದಿದ್ದ ವೃದ್ಧರು ಉಳಿದವರಿಗಿಂತ ಹೆಚ್ಚಾಗಿ ನಡೆಯುತ್ತಿದ್ದರೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ನಡೆಯಬಲ್ಲವರೇ ಚೀಟಿಯನ್ನು ಪಡೆದಿರಲೂಬಹುದು ಎಂಬ ಎಚ್ಚರಿಕೆ ಇಲ್ಲಿ ಅಗತ್ಯ. ಆದರೂ ಮನೆಯಿಂದ ಹೊರಡಲು ಒಂದು ನೆಪ ಬೇಕೆಂಬುದು ನಿಜ. ಬಸ್ಸು ಆ ನೆಪವನ್ನು ಒದಗಿಸುತ್ತದೆ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ನೀಡುವ ‘ಶಕ್ತಿ’ ಯೋಜನೆ ಆರಂಭವಾಯಿತು. ಹಣಕ್ಕಾಗಿ ಮಕ್ಕಳ ಕೈ ನೋಡಬೇಕಾಗಿದ್ದ ಅಜ್ಜಿಗೆ ಸಂತೆಗೋ, ಜಾತ್ರೆಗೋ, ಮಗಳ ಮನೆಗೋ ಹೊರಡಲು ಇದರಿಂದ ಒಂದು ಅಡ್ಡಿ ಕಳೆಯಿತು.

ಆದರೆ ಚೀಟಿಯ ಹಣವೊಂದೇ ಅಡ್ಡಿಯಲ್ಲ. ಬಸ್ಸಿನ ಮೊದಲ ಮೆಟ್ಟಿಲು ಎತ್ತರವಾಗಿದ್ದರೆ ನೋಯುವ ಮಂಡಿಗೆ ಅದೇ ಬೆಟ್ಟ. ಕಾಲುದಾರಿಯ ಕಲ್ಲು ಕಿತ್ತುಹೋಗಿದ್ದರೆ, ನಿಲ್ದಾಣದಲ್ಲಿ ನೆರಳಾಗಲಿ ಕೂರಲು ಕಟ್ಟೆಯಾಗಲಿ ಇಲ್ಲದಿದ್ದರೆ, ಹತ್ತಿ ಕುಳಿತುಕೊಳ್ಳುವ ಮೊದಲೇ ಬಸ್ಸು ಹೊರಟುಬಿಟ್ಟರೆ, ಹಿರಿಯರು ಹೊರಗೆ ಹೋಗಲು ಅಂಜುತ್ತಾರೆ. ಅಂಜಿ ಮನೆಯಲ್ಲಿಯೇ ಉಳಿದರೆ ಕಾಲು ಸೋಲುತ್ತದೆ. ಕಾಲು ಸೋತರೆ ಅಂಜಿಕೆ ಇನ್ನೂ ಬೆಳೆಯುತ್ತದೆ. ಹೀಗೆ ಒಂದು ಮುರಿದ ಕಲ್ಲುಚಪ್ಪಡಿ ಒಬ್ಬರ ಸ್ವಾತಂತ್ರ್ಯವನ್ನೇ ಕಸಿದುಕೊಳ್ಳಬಲ್ಲದು. ಸಮನಾದ ಕಾಲುದಾರಿ, ತಗ್ಗಾದ ಮೆಟ್ಟಿಲು, ನೆರಳಿನ ನಿಲ್ದಾಣ, ತಾಳ್ಮೆಯುಳ್ಳ ಚಾಲಕ – ಇವು ಕೇವಲ ಅನುಕೂಲಗಳಲ್ಲ. ಇವೂ ಆಸ್ಪತ್ರೆಯಷ್ಟೇ ಅಗತ್ಯವಾದ ಆರೋಗ್ಯದ ಏರ್ಪಾಡುಗಳು.

ಮುಪ್ಪು ಮುದುಕರ ಚಿಂತೆ ಮಾತ್ರವೆಂದು ಎಳೆಯರು ಭಾವಿಸಬಾರದು. ಮೂಳೆಗಳು ಬಲವನ್ನು ಕೂಡಿಸಿಕೊಳ್ಳುವ ಕಾಲ ಬಾಲ್ಯ ಮತ್ತು ತಾರುಣ್ಯ. ಅನಂತರದ ಬಾಳೆಲ್ಲ ಆ ಗಂಟನ್ನು ಖರ್ಚುಮಾಡುವುದೇ ಆಗಿದೆ. ಇಂದು ಹತ್ತಿರದ ಅಂಗಡಿಗೂ ಮೋಟಾರು ವಾಹನವನ್ನೇರಿ ಹೋಗುವವನು ತನ್ನ ಎಪ್ಪತ್ತನೆಯ ವರ್ಷದ ಹೆಜ್ಜೆಗಳನ್ನು ಈಗಲೇ ಕಳೆದುಕೊಳ್ಳುತ್ತಿದ್ದಾನೆ. ನಿಲ್ದಾಣದವರೆಗೆ ನಡೆದು ಹೋಗಿರಿ. ಬಸ್ಸಿನಲ್ಲಿ ಹಿರಿಯರು ಕಂಡರೆ ಎದ್ದು ಸ್ಥಳ ಬಿಡಿರಿ. ಹತ್ತುವಾಗ ಅವರ ಕೈ ಹಿಡಿಯಿರಿ. ಅವರು ನಾಳೆಯೂ ಧೈರ್ಯದಿಂದ ಮನೆಯ ಹೊಸ್ತಿಲು ದಾಟಿ ಬರುವಂತಾದರೆ, ನೀವು ಅವರಿಗೆ ಒಂದು ದಿನದ ಆರೋಗ್ಯವನ್ನು ದಾನ ಮಾಡಿದಂತೆಯೇ ಸರಿ.