‘ಆರಾಮ ಆಗೇದ’ ಎಂಬ ಹೊತ್ತಿನ ಅಪಾಯ

ರಾಯಚೂರು ತಾಲ್ಲೂಕಿನ ಯಾಪಲದಿನ್ನಿ ಕಡೆಯ ಹಳ್ಳಿಗಳಲ್ಲಾಗಲಿ, ದೇವದುರ್ಗ, ಮಾನ್ವಿಯ ತಾಂಡಾಗಳಲ್ಲಾಗಲಿ ಸುಗ್ಗಿ ಮುಗಿಯುತ್ತಿದ್ದಂತೆ ಗುಳೆ ಶುರುವಾಗುತ್ತದೆ. ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋದವರು ತಿರುಗಿ ಬರುವುದು ಮುಂಗಾರಿಗೇ. ಹೀಗೆ ಗಂಟುಮೂಟೆ ಕಟ್ಟುವವರಲ್ಲಿ ಹೃದಯ ವೈಫಲ್ಯದ ರೋಗಿಗಳೂ ಇರುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಎಕೋ ರಿಪೋರ್ಟಿನಲ್ಲಿ ‘ಎಲ್‌ವಿಇಎಫ್ 30%’ ಎಂಬ ಒಂದು ಸಾಲು. ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕವದು. ಆರೋಗ್ಯವಂತರಲ್ಲಿ 55ರ ಆಸುಪಾಸು ಅಥವಾ ಮೇಲೆ. ಮನೆಯವರು ಅದನ್ನು ‘ಪಂಪಿಂಗ್ ಕಮ್ಮಿ ಅದ’ ಅನ್ನುತ್ತಾರೆ. ಸರಿಯಾಗಿಯೇ ಅನ್ನುತ್ತಾರೆ.

ದವಾಖಾನೆ ಸೇರಿದಾಗ ಕಾಲು ಬಾತು, ದಮ್ಮು ಕಟ್ಟಿ, ರಾತ್ರಿಯೆಲ್ಲ ಕೂತೇ ಕಳೆದವರು ಕೆಲವು ವಾರ ಗುಳಿಗೆ ನುಂಗಿದ ಮೇಲೆ ಓಡಾಡುತ್ತಾರೆ. ಆಮೇಲೆ ಬರುವ ಮಾತು ಒಂದೇ: ‘ಆರಾಮ ಆಗೇದಲ್ಲ, ಇನ್ಯಾಕ ಗುಳಿಗಿ?’

1999ರಲ್ಲಿ ಪ್ರಕಟವಾದ ಮೆರಿಟ್-ಎಚ್‌ಎಫ್ ಅಧ್ಯಯನದಲ್ಲಿ 3,991 ರೋಗಿಗಳಿದ್ದರು. ಅವರಲ್ಲಿ ತೀರಿಕೊಂಡವರು ಹೇಗೆ ತೀರಿಕೊಂಡರು ಎಂದು ವಿಂಗಡಿಸಿದಾಗ ಕಂಡದ್ದು ಈ ಮಾತಿಗೆ ನೇರ ಉತ್ತರ. ಮಲಗಿದಲ್ಲೇ ಏದುಸಿರು ಬಿಡುವ ನಾಲ್ಕನೇ ದರ್ಜೆಯವರ ಸಾವುಗಳಲ್ಲಿ ಹಠಾತ್ತನೆ ಬಂದವು ಶೇ 33. ಅಲ್ಪಸ್ವಲ್ಪ ದಣಿವಷ್ಟೇ ಇದ್ದ ಎರಡನೇ ದರ್ಜೆಯವರಲ್ಲಿ ಅದು ಶೇ 64. ಒಟ್ಟಾರೆ ಸಾಯುವ ಸಂಭವ ನಾಲ್ಕನೇ ದರ್ಜೆಯವರಿಗೇ ಹೆಚ್ಚು, ಅದನ್ನು ಮರೆಯಬಾರದು. ಆದರೆ ಓಡಾಡಿಕೊಂಡಿದ್ದ ರೋಗಿಗೆ ಸಾವು ಬಂದರೆ ಬಹುತೇಕ ಹೇಳದೆ ಕೇಳದೆ ಬರುತ್ತದೆ, ಡಾಕ್ಟರ ಹತ್ತಿರ ಹೋಗಲೂ ಪುರುಸೊತ್ತು ಕೊಡದೆ.

ಕಾರಣ ಪಂಪಿನದಲ್ಲ, ವಿದ್ಯುತ್ತಿನದು. ಹಿಂದಿನ ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಾಲುವೆಯಲ್ಲಿ ಹೂಳು ಬಿದ್ದ ಕಡೆ ನೀರು ಸುಳಿ ಸುತ್ತುವ ಹಾಗೆ ಬಡಿತದ ವಿದ್ಯುತ್ ಅಲೆ ಆ ಕಲೆಯ ಸುತ್ತ ತಿರುಗತೊಡಗಿದರೆ ಹೃತ್ಕುಕ್ಷಿ ವಿಪರೀತ ವೇಗಕ್ಕೆ ಏರಿ, ಕೊನೆಗೆ ಬಡಿಯುವುದನ್ನೇ ಬಿಟ್ಟು ಅದುರುತ್ತದೆ. ರಕ್ತ ಹೊರಬೀಳುವುದಿಲ್ಲ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಎದೆ ಒತ್ತುವವರಿಲ್ಲದೆ, ಶಾಕ್ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. 108 ಎಷ್ಟೇ ಬೇಗ ಬಂದರೂ ಗಡಿ ಹಳ್ಳಿಗೆ ಆ ಲೆಕ್ಕದಲ್ಲಿ ಬರಲಾರದು.

ಹಾಗಾಗಿ ರಕ್ಷಣೆ ಮೊದಲೇ ಆಗಬೇಕು, ಅದು ಬೇಡವೆಂದು ಬಿಟ್ಟ ಅದೇ ಗುಳಿಗೆಯಲ್ಲಿದೆ. ಮೆರಿಟ್ ಅಧ್ಯಯನದಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್ ಹಠಾತ್ ಸಾವನ್ನು ಶೇ 41ರಷ್ಟು ಕಡಿಮೆ ಮಾಡಿತು. 12 ಪ್ರಯೋಗಗಳ 40,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ವಿಶ್ಲೇಷಣೆ, ಇಂಥ ಔಷಧಗಳು ಒಂದರ ಮೇಲೊಂದು ಸೇರುತ್ತ ಬಂದ ಎರಡು ದಶಕಗಳಲ್ಲಿ ಹಠಾತ್ ಸಾವಿನ ಪ್ರಮಾಣ ಶೇ 44ರಷ್ಟು ಇಳಿದದ್ದನ್ನು ತೋರಿಸಿತು. ಲಯ ತಪ್ಪಿದಾಗ ತಾನೇ ಶಾಕ್ ಕೊಡುವಂತೆ ಎದೆಯೊಳಗೆ ಅಳವಡಿಸುವ ಐಸಿಡಿ ಯಂತ್ರವೂ ಇದೆ. ಇಎಫ್ 35 ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ ಅದು ಸಾವನ್ನು ಶೇ 23ರಷ್ಟು ತಗ್ಗಿಸಿದ್ದು 2005ರ ಅಧ್ಯಯನದಲ್ಲಿ ಸಾಬೀತಾಗಿದೆ. ಲಕ್ಷಗಳ ಬಾಬತ್ತು ಅದು. ಗುಳಿಗೆ ಹಾಗಲ್ಲ: ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಮೂರೂ ಜನೌಷಧಿ ಪಟ್ಟಿಯಲ್ಲಿವೆ.

ಬಿಟ್ಟರೆ ಏನಾಗುತ್ತದೆಂದು ಲಂಡನ್ನಿನಲ್ಲಿ ಪರೀಕ್ಷಿಸಿಯೇ ನೋಡಿದರು. ಸ್ನಾಯು ಸಡಿಲಗೊಂಡು ಹೃದಯ ಹಿಗ್ಗುವ ಕಾಯಿಲೆಯಿಂದ ಪೂರ್ತಿ ಚೇತರಿಸಿಕೊಂಡು, ಎಕೋ ಕೂಡ ಸರಿಯಾಗಿದ್ದ 51 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ವೈದ್ಯರ ಕಣ್ಣೆದುರೇ, ಹಂತಹಂತವಾಗಿ ಔಷಧ ನಿಲ್ಲಿಸಲಾಯಿತು. ಆರು ತಿಂಗಳಲ್ಲಿ ಅವರಲ್ಲಿ ಶೇ 44 ಮಂದಿಗೆ ಕಾಯಿಲೆ ಮರುಕಳಿಸಿತು. ಔಷಧ ಮುಂದುವರಿಸಿದ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಆರು ತಿಂಗಳೆಂದರೆ ಒಂದು ಗುಳೆಯ ಅವಧಿ. ನಮ್ಮವರು ನಿಲ್ಲಿಸುವುದು ಹಂತಹಂತವಾಗಿಯೂ ಅಲ್ಲ, ಸ್ಟ್ರಿಪ್ ಖಾಲಿಯಾದ ದಿನ.

ದೇಶದ 53 ಆಸ್ಪತ್ರೆಗಳ ಸುಮಾರು 10,850 ರೋಗಿಗಳನ್ನು ಹಿಂಬಾಲಿಸಿದ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿಯ ಪ್ರಕಾರ ಆಸ್ಪತ್ರೆಗೆ ದಾಖಲಾದವರಲ್ಲಿ ಶೇ 14ರಷ್ಟು ಮಂದಿ 90 ದಿನಗಳೊಳಗೆ ತೀರಿಕೊಂಡರು. ಶಿಫಾರಸು ಮಾಡಿದ ಔಷಧ ಸರಿಯಾಗಿ ಸಿಕ್ಕಿದ್ದು, ಪಂಪಿಂಗ್ ಕಮ್ಮಿ ಇದ್ದವರಲ್ಲಿ ಅರ್ಧದಷ್ಟು ಜನಕ್ಕೆ.

ರಾಯಚೂರಿನ ಬೇಸಿಗೆ ಇದಕ್ಕೆ ಇನ್ನೊಂದು ಕಷ್ಟ ಸೇರಿಸುತ್ತದೆ. 40 ದಾಟಿದ ಬಿಸಿಲಿನಲ್ಲಿ ಬೆವರುತ್ತ, ಮೂತ್ರ ಹೋಗಿಸುವ ಗುಳಿಗೆಯನ್ನೂ ಅದೇ ಅಳತೆಯಲ್ಲಿ ನುಂಗುತ್ತಿದ್ದರೆ ಪೊಟ್ಯಾಸಿಯಂ ಇಳಿಯಬಹುದು. ವಾಂತಿಭೇದಿಯಾಗಿ ಮೂತ್ರಪಿಂಡ ಸೊರಗಿದರೆ, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಅದೇ ಪೊಟ್ಯಾಸಿಯಂ ವಿಪರೀತ ಏರಲೂಬಹುದು. ಎರಡೂ ಬಡಿತದ ಲಯ ಕೆಡಿಸುತ್ತವೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದ ನಳದ ನೀರೇ ಕೆಟ್ಟು ಜನ ಸಾಲಾಗಿ ಆಸ್ಪತ್ರೆ ಸೇರಿದ್ದು, ಜೀವಗಳು ಹೋಗಿದ್ದು ನೆನಪಿರಬೇಕು. ಇಂಥ ದಿನ ಗುಳಿಗೆಯ ಅಳತೆ ಬದಲಿಸಬೇಕೇ ಎಂದು ಅಂದೇ ವೈದ್ಯರನ್ನು ಕೇಳಬೇಕು. ತಾವಾಗಿಯೇ ಎಲ್ಲವನ್ನೂ ಬಿಡುವುದಲ್ಲ. ಇಟ್ಟಿಗೆ ಹೊತ್ತು ಸೊಂಟ ನೋವೆಂದು ಹಾಕಿಸಿಕೊಳ್ಳುವ ಡೈಕ್ಲೋಫೆನಾಕ್ ಸೂಜಿಯೂ ದೇಹದಲ್ಲಿ ನೀರು ನಿಲ್ಲಿಸಿ, ಮೂತ್ರಪಿಂಡವನ್ನು ಹಿಂಡುತ್ತದೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯಜ್ಯೋತಿ ಯೋಜನೆ ಎದೆನೋವಿನಿಂದ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಇಸಿಜಿ, ರಕ್ತ ಹೆಪ್ಪು ಕರಗಿಸುವ ಸೂಜಿ ಕೊಡುತ್ತದೆ. ಒಳ್ಳೆಯ ಕೆಲಸ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಆರೋಗ್ಯವಂತರೇ ಸರದಿ ನಿಂತರು. ಯಾರಿಗೆ ಅಪಾಯ ಹೆಚ್ಚೆಂದು ಎಕೋ ರಿಪೋರ್ಟೇ ಬರೆದುಕೊಟ್ಟಿದೆಯೋ ಅವರ ಬಗ್ಗೆ ಅಂಥ ಗದ್ದಲ ಎದ್ದದ್ದನ್ನು ನಾನು ಕಾಣೆ. ಹಳ್ಳಿಯಲ್ಲಿ ಇಎಫ್ 35ರ ಕೆಳಗಿರುವವರು ಯಾರೆಂದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬರೆದಿಟ್ಟು, ಗುಳೆಗೆ ಮುಂಚೆ ಅಷ್ಟೂ ತಿಂಗಳಿಗೆ ಸಾಲುವ ಗುಳಿಗೆ ಕೈಗೆ ಕೊಟ್ಟು ಕಳಿಸುವುದು ಅಸಾಧ್ಯವೇನಲ್ಲ. ಗರ್ಭಿಣಿಯರ ಪಟ್ಟಿ ಹೀಗೆಯೇ ನಡೆಯುತ್ತಿದೆ.

ಪಂಪಿಂಗ್ ಕಮ್ಮಿ ಇರುವವರು ನಿಂತಲ್ಲೇ ಕಣ್ಣು ಕತ್ತಲಿಟ್ಟು ಬಿದ್ದು, ಅರೆ ನಿಮಿಷದಲ್ಲಿ ಎದ್ದು ‘ಏನೂ ಇಲ್ಲ, ಬಿಸಿಲಿಗೆ’ ಅಂದರೆ ಒಪ್ಪಿಕೊಳ್ಳಬೇಡಿ. ಲಯ ತಪ್ಪಿದ ಹೃದಯ ಒಮ್ಮೆ ತಾನಾಗಿಯೇ ಸರಿಹೋಗಿರಬಹುದು, ಮುಂದಿನ ಸಲ ಹೋಗದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ಪೊಟ್ಯಾಸಿಯಂ ನೋಡಿಸಬೇಕು. ಹೋಗುವಾಗ ಹಳೆಯ ಎಕೋ ರಿಪೋರ್ಟೂ ಖಾಲಿ ಸ್ಟ್ರಿಪ್ಪುಗಳೂ ಜೊತೆಗಿರಲಿ.