ಟಮ್ಮಿ ಟಕ್ ಮಾಡಿಸಿದರೆ ಬೊಜ್ಜು ಕರಗುತ್ತದೆಯೇ?

ಹೆರಿಗೆಯಾಗಿ ಎರಡು ವರ್ಷ ಕಳೆದಿದೆ, ಹೊಟ್ಟೆ ಮಾತ್ರ ಇನ್ನೂ ಐದು ತಿಂಗಳ ಗರ್ಭಿಣಿಯ ಹಾಗೆ ಕಾಣುತ್ತದೆ. ವಾಕಿಂಗ್ ಆಯಿತು, ರಾತ್ರಿ ಅನ್ನ ಬಿಟ್ಟದ್ದಾಯಿತು, ಜೀರಿಗೆ ನೀರು ಕುಡಿದದ್ದೂ ಆಯಿತು. ಇಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬೀಳುತ್ತದೆ. ಎಡಗಡೆ ಜೋತುಬಿದ್ದ ಹೊಟ್ಟೆ, ಬಲಗಡೆ ಚಪ್ಪಟೆ ಹೊಟ್ಟೆ, ಕೆಳಗೆ 'ಟಮ್ಮಿ ಟಕ್' ಎಂಬ ಹೆಸರು. ನಡುವೆ ಏನು ನಡೆಯಿತು ಎಂಬುದನ್ನು ಆ ಜಾಹೀರಾತು ಹೇಳುವುದಿಲ್ಲ.

ಹೇಳದೆ ಬಿಟ್ಟ ಆ ಜಾಗದಲ್ಲೇ ತಪ್ಪು ಕಲ್ಪನೆಗಳು ಬೆಳೆಯುತ್ತವೆ. ಕೆಲವರ ಪ್ರಕಾರ ಇದು ಬೊಜ್ಜು ಕರಗಿಸುವ ಸುಲಭ ದಾರಿ. ಇನ್ನು ಕೆಲವರ ಪ್ರಕಾರ ಇದು ಸಿನಿಮಾ ನಟಿಯರ ಶೋಕಿ. ಎರಡೂ ಸರಿಯಲ್ಲ. ಆದರೆ ಮೊದಲನೆಯ ನಂಬಿಕೆ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಹೊಟ್ಟೆಯಲ್ಲಿ ಕೊಬ್ಬು ಎಲ್ಲಿರುತ್ತದೆ?

ನಮ್ಮ ಹೊಟ್ಟೆಯನ್ನು ಹೊರಗಿನಿಂದ ಒಳಕ್ಕೆ ನೋಡುತ್ತಾ ಹೋದರೆ ಮೊದಲು ಚರ್ಮ, ಅದರ ಕೆಳಗೆ ಕೊಬ್ಬಿನ ಪದರ, ಆಮೇಲೆ ಸ್ನಾಯುಗಳ ಗೋಡೆ ಸಿಗುತ್ತವೆ. ಆ ಗೋಡೆಯ ಒಳಗೆ ಕರುಳು, ಯಕೃತ್ತು ಮುಂತಾದ ಅಂಗಗಳಿವೆ. ಈ ಅಂಗಗಳ ಸುತ್ತಲೂ ಕೊಬ್ಬು ಸೇರಿಕೊಳ್ಳುತ್ತದೆ. ಅಂದರೆ ಹೊಟ್ಟೆಯ ಕೊಬ್ಬು ಎರಡು ಕಡೆ ಇದೆ: ಗೋಡೆಯ ಹೊರಗೆ ಮತ್ತು ಗೋಡೆಯ ಒಳಗೆ.

ನಿಂತುಕೊಂಡು ಹೊಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಕೈಗೆ ಸಿಗುವ ಮೆತ್ತನೆಯ ಮಡಿಕೆ ಗೋಡೆಯ ಹೊರಗಿನದು. ಕೈಗೆ ಸಿಗದೆ ಮಡಕೆಯ ಹಾಗೆ ಗಟ್ಟಿಯಾಗಿ ಮುಂದಕ್ಕೆ ಬಂದಿರುವ ಹೊಟ್ಟೆಯಲ್ಲಿ ಬಹುಪಾಲು ಒಳಗಿನ ಕೊಬ್ಬೇ ಇರುತ್ತದೆ. ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಮಧುಮೇಹ, ಹೃದ್ರೋಗಗಳ ಜೊತೆ ಗಟ್ಟಿ ನಂಟಿರುವುದೂ ಈ ಒಳಗಿನ ಕೊಬ್ಬಿಗೇ.

ಟಮ್ಮಿ ಟಕ್ ಒಳಗಿನ ಈ ಕೊಬ್ಬನ್ನು ಮುಟ್ಟುವುದೇ ಇಲ್ಲ. ವೈದ್ಯರ ಭಾಷೆಯಲ್ಲಿ ಇದರ ಹೆಸರು ಅಬ್ಡೊಮಿನೋಪ್ಲಾಸ್ಟಿ. ಕುಪ್ಪಸ ಸಡಿಲವಾದಾಗ ಟೈಲರ್ 'ಟಕ್ ಹಿಡಿಯುತ್ತೇನೆ' ಎನ್ನುತ್ತಾರಲ್ಲ, ಈ ಟಕ್ ಕೂಡ ಅದೇ ಅರ್ಥದ್ದು. ಸಡಿಲವಾದದ್ದನ್ನು ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುವ ಕೆಲಸವಿದು. ತೆಗೆಯುವುದು ಚರ್ಮ ಮತ್ತು ಅದಕ್ಕೆ ಅಂಟಿಕೊಂಡಿರುವ ಹೊರಗಿನ ಕೊಬ್ಬನ್ನು ಮಾತ್ರ. ಸಾಮಾನ್ಯವಾಗಿ ಅದರ ತೂಕ ಕೆಲವೇ ಕಿಲೋ.

ಹೊರಗಿನ ಕೊಬ್ಬನ್ನೇ ಭಾರೀ ಪ್ರಮಾಣದಲ್ಲಿ ತೆಗೆದರೆ ಸಕ್ಕರೆ ಕಾಯಿಲೆಯಾದರೂ ಹತೋಟಿಗೆ ಬರುತ್ತದೆಯೇ? ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿ, 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ದಾರೆ. ಸ್ಥೂಲಕಾಯದ 15 ಮಹಿಳೆಯರ ಹೊಟ್ಟೆಯಿಂದ ಲೈಪೋಸಕ್ಷನ್ ಮೂಲಕ ಸರಾಸರಿ ಒಂಬತ್ತು, ಹತ್ತು ಕಿಲೋದಷ್ಟು ಕೊಬ್ಬು ತೆಗೆಯಲಾಯಿತು. ಅವರಲ್ಲಿ ಏಳು ಮಂದಿಗೆ ಮಧುಮೇಹವಿತ್ತು. 10ರಿಂದ 12 ವಾರಗಳ ನಂತರ ಪರೀಕ್ಷಿಸಿದಾಗ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯಾಗಲಿ, ರಕ್ತದೊತ್ತಡವಾಗಲಿ, ಕೊಲೆಸ್ಟರಾಲ್ ಆಗಲಿ ಗಮನಾರ್ಹವಾಗಿ ಸುಧಾರಿಸಿರಲಿಲ್ಲ. ಸಂಖ್ಯೆ ಚಿಕ್ಕದು, ನಿಜ. ಆದರೆ ಕೊಬ್ಬನ್ನು ಕತ್ತರಿಸಿ ತೆಗೆಯುವುದಕ್ಕೂ, ತಿನ್ನುವುದು ಕಡಿಮೆ ಮಾಡಿ ದೇಹ ತಾನೇ ಕರಗಿಸುವಂತೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಭಾರತೀಯರಿಗೆ ಇದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಬಹಳ. ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಪ್ರಕಟವಾಗಿದ್ದು, ಅದರ ಪ್ರಕಾರ ವಯಸ್ಕರಲ್ಲಿ ಶೇ. 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ತಲುಪಿದರೆ ಎಚ್ಚರವಹಿಸಬೇಕು ಎಂಬುದು ಭಾರತೀಯರಿಗೆ ಇಟ್ಟಿರುವ ಮಿತಿ. ಶಸ್ತ್ರಚಿಕಿತ್ಸೆಯಿಂದ ಟೇಪಿನ ಅಳತೆ ಕಡಿಮೆಯಾಗಬಹುದು, ಒಳಗಿನ ಅಪಾಯ ಹಾಗೆಯೇ ಉಳಿಯುತ್ತದೆ. ಹೊಟ್ಟೆ ಚಪ್ಪಟೆಯಾಯಿತೆಂದು ರಕ್ತಪರೀಕ್ಷೆ ನಿಲ್ಲಿಸುವವರು ಇದನ್ನು ಗಮನಿಸಬೇಕು.

ಹಾಗಾದರೆ ಇದು ಯಾರಿಗೆ?

ಗರ್ಭ ಬೆಳೆಯುವಾಗ ಹೊಟ್ಟೆಯ ಮುಂಭಾಗದ ಎರಡು ಉದ್ದನೆಯ ಸ್ನಾಯುಗಳು ಪಕ್ಕಕ್ಕೆ ಸರಿಯುತ್ತವೆ. ಅವುಗಳ ನಡುವೆ ಇರುವ ನಾರಿನ ಪಟ್ಟಿ ಹಿಗ್ಗುತ್ತದೆ. ಹೆರಿಗೆಯ ನಂತರ ಅದು ಪೂರ್ತಿ ಮೊದಲಿನಂತಾಗದೆ ಉಳಿದರೆ ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಮಲಗಿ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬು ಕಾಣಿಸುವುದು ಇದರ ಗುರುತು. ನಾರ್ವೆಯಲ್ಲಿ 300 ಚೊಚ್ಚಲ ಗರ್ಭಿಣಿಯರನ್ನು ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರು ವಾರಕ್ಕೆ ಶೇ. 60 ಮಂದಿಯಲ್ಲಿ ಈ ಬಿರುಕು ಇತ್ತು. ವರ್ಷ ತುಂಬುವಾಗ ಅದು ಶೇ. 32.6ಕ್ಕೆ ಇಳಿದಿತ್ತು. ಅಂದರೆ ಅನೇಕರಲ್ಲಿ ತಾನಾಗಿಯೇ ಸರಿಹೋಗುತ್ತದೆ, ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ವರ್ಷದ ನಂತರವೂ ಉಳಿದಿರುತ್ತದೆ.

ಇವರಿಗೆ 'ಇನ್ನೂ ಸ್ವಲ್ಪ ವ್ಯಾಯಾಮ ಮಾಡು' ಎಂದು ಹೇಳುವುದು ಸುಲಭ. ಫಿಸಿಯೋಥೆರಪಿಯಿಂದ ಸ್ನಾಯುಗಳು ಬಲಗೊಳ್ಳುತ್ತವೆ, ಮೊದಲು ಅದನ್ನೇ ಪ್ರಯತ್ನಿಸಬೇಕು. ಆದರೆ ತೀರಾ ಹಿಗ್ಗಿದ ನಾರಿನ ಪಟ್ಟಿಯನ್ನಾಗಲಿ, ಜೋತುಬಿದ್ದ ಚರ್ಮವನ್ನಾಗಲಿ ಯಾವ ಕ್ರಂಚಸ್ಸೂ, ಯಾವ ಕ್ರೀಮೂ ಮೊದಲಿನ ಸ್ಥಿತಿಗೆ ತರಲಾರದು. ಹತ್ತಾರು ಕಿಲೋ ತೂಕ ಇಳಿಸಿಕೊಂಡವರ ಕಥೆಯೂ ಇದೇ. ಜೋತ ಚರ್ಮದ ಮಡಿಕೆಯಲ್ಲಿ ಬೆವರು ನಿಂತು ತುರಿಕೆ, ಶಿಲೀಂಧ್ರದ ಸೋಂಕು ಮರುಕಳಿಸುತ್ತಲೇ ಇರುತ್ತವೆ. ಕಷ್ಟಪಟ್ಟು ತೂಕ ಇಳಿಸಿದವರನ್ನು ಸೋಮಾರಿ ಎಂದು ಮೂದಲಿಸುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಇದು ಬರೀ ಅಂದದ ಮಾತಲ್ಲ. ಆಸ್ಟ್ರೇಲಿಯಾದಲ್ಲಿ ಹೆರಿಗೆಯ ನಂತರ ಟಮ್ಮಿ ಟಕ್ ಮಾಡಿಸಿಕೊಂಡ 214 ಮಹಿಳೆಯರನ್ನು ಕೇಳಿದಾಗ, ಬೆನ್ನುನೋವು ಮತ್ತು ಕೆಮ್ಮಿದಾಗ ಮೂತ್ರ ಸೋರುವಂಥ ತೊಂದರೆಗಳು ಕಡಿಮೆಯಾದವು ಎಂದು ಬಹುತೇಕರು ಹೇಳಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರ ಜೊತೆ ಹೋಲಿಕೆ ಇರಲಿಲ್ಲ. ಹಾಗಾಗಿ ಬೆನ್ನುನೋವಿಗೆ ಇದೇ ಮದ್ದು ಎನ್ನುವ ಜಾಹೀರಾತು ಬಂದರೆ ನಂಬಬೇಡಿ.

ನಮ್ಮಲ್ಲಿ ಬಾಣಂತಿಯರಿಗೆ ಹಳೆಯ ಹತ್ತಿ ಸೀರೆಯಿಂದ ಹೊಟ್ಟೆ ಕಟ್ಟುವ ಪದ್ಧತಿಯಿದೆ. ಹೊಟ್ಟೆ ಕಟ್ಟದೇ ಇದ್ದದ್ದಕ್ಕೇ ಹೀಗಾಯಿತು ಎಂಬ ಮಾತನ್ನು ಎಷ್ಟೋ ತಾಯಂದಿರು ಕೇಳಿಸಿಕೊಂಡಿರುತ್ತಾರೆ. ಹದವಾಗಿ ಕಟ್ಟಿದರೆ ಬೆನ್ನಿಗೆ ಆಸರೆ ಸಿಗುತ್ತದೆ, ಓಡಾಡಲು ಹಗುರ ಎನಿಸುತ್ತದೆ. ಆದರೆ ಬಟ್ಟೆಯಾಗಲಿ, ಅಂಗಡಿಯಲ್ಲಿ ಸಿಗುವ ಬೆಲ್ಟ್ ಆಗಲಿ ಕೊಬ್ಬನ್ನು ಕರಗಿಸುವುದಿಲ್ಲ, ಹೆಚ್ಚಾದ ಚರ್ಮವನ್ನು ಮಾಯ ಮಾಡುವುದಿಲ್ಲ. ತಪ್ಪು ಕಟ್ಟದವರದ್ದೂ ಅಲ್ಲ.

'ಸಿಸೇರಿಯನ್ ಜೊತೆಗೇ ಮುಗಿಸಿಬಿಡಿ'

ಹೇಗೂ ಹೊಟ್ಟೆ ಕೊಯ್ಯುತ್ತಾರಲ್ಲ, ಒಂದೇ ಸಲ ಎರಡೂ ಆಗಿಬಿಡಲಿ ಎಂಬುದು ಸಾಮಾನ್ಯ ಲೆಕ್ಕಾಚಾರ. ಇದನ್ನು ಪ್ಲಾಸ್ಟಿಕ್ ಸರ್ಜನ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಗಷ್ಟೇ ಹೆರಿಗೆಯಾದಾಗ ಗರ್ಭಕೋಶ ಇನ್ನೂ ದೊಡ್ಡದಾಗಿರುತ್ತದೆ, ಚರ್ಮ ಊದಿಕೊಂಡಿರುತ್ತದೆ. ಮುಂದೆ ಎಷ್ಟು ಕುಗ್ಗುತ್ತದೆ ಎಂದು ಅಂದಾಜು ಮಾಡಲಾಗದೆ ಎಷ್ಟು ಕತ್ತರಿಸಬೇಕು ಎಂದು ನಿರ್ಧರಿಸುವುದು ಹೇಗೆ? ಜೊತೆಗೆ ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮೊದಲೇ ಹೆಚ್ಚು. ಕನಿಷ್ಠ ಆರು ತಿಂಗಳು ಕಾಯಿರಿ, ಎದೆಹಾಲು ಬಿಡಿಸಿದ ಮೇಲೆ ಬನ್ನಿ, ತೂಕ ಒಂದೇ ಮಟ್ಟದಲ್ಲಿ ನಿಲ್ಲಲಿ ಎನ್ನುತ್ತಾರೆ. ಇನ್ನೊಂದು ಮಗು ಬೇಕೆಂದಿದ್ದರೆ ಅದಾದ ಮೇಲೆಯೇ. ಟಮ್ಮಿ ಟಕ್ ನಂತರ ಗರ್ಭ ಧರಿಸಬಾರದು ಎಂದೇನಿಲ್ಲ, ಆದರೆ ಹೊಲಿದು ಬಿಗಿ ಮಾಡಿದ್ದು ಮತ್ತೆ ಹಿಗ್ಗಬಹುದು.

ಸಣ್ಣ ಆಪರೇಷನ್ ಎಂಬ ಭ್ರಮೆ

ಹೆಸರು ಮುದ್ದಾಗಿದೆ, ಕೆಲಸ ದೊಡ್ಡದು. ಕೆಳಹೊಟ್ಟೆಯಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಚರ್ಮವನ್ನು ಕೊಬ್ಬಿನ ಸಮೇತ ಪಕ್ಕೆಲುಬುಗಳವರೆಗೆ ಬಿಡಿಸಿ ಮೇಲೆತ್ತುತ್ತಾರೆ. ಸರಿದ ಸ್ನಾಯುಗಳನ್ನು ನಡುವೆ ತಂದು ಹೊಲಿಯುತ್ತಾರೆ. ಚರ್ಮವನ್ನು ಕೆಳಕ್ಕೆ ಎಳೆದು ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಹೊಕ್ಕುಳನ್ನು ಕಿತ್ತು ಬೇರೆ ಕಡೆ ಅಂಟಿಸುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಹೊಕ್ಕುಳು ತನ್ನ ಬುಡದಲ್ಲೇ ಇರುತ್ತದೆ. ಎಳೆದ ಚರ್ಮದಲ್ಲಿ ಹೊಸ ತೂತು ಮಾಡಿ ಅದನ್ನು ಹೊರತರುತ್ತಾರೆ. ಇದೆಲ್ಲ ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ, ಎರಡರಿಂದ ನಾಲ್ಕು ಗಂಟೆ ನಡೆಯುತ್ತದೆ.

ಕಲೆ ಉಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಒಳಉಡುಪಿನೊಳಗೆ ಮುಚ್ಚುವಂತೆ ಗೆರೆಯನ್ನು ಕೆಳಗಿಡಬಹುದು, ಅಷ್ಟೇ. ಅದು ಮಾಸಲು ವರ್ಷವಾದರೂ ಬೇಕು. ನಮ್ಮಂಥ ಕಂದು ಚರ್ಮದವರಲ್ಲಿ ಕಲೆ ಉಬ್ಬಿ ಗಂಟಾಗುವ ಕೆಲಾಯ್ಡ್ ಹೆಚ್ಚು, ಹಿಂದೆ ಕಿವಿ ಚುಚ್ಚಿಸಿದಾಗ ಹಾಗಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಗರ್ಭದ ಗೆರೆಗಳ ವಿಷಯದಲ್ಲಿ, ಕತ್ತರಿಸಿ ತೆಗೆದ ಚರ್ಮದಲ್ಲಿದ್ದವು ಮಾತ್ರ ಹೋಗುತ್ತವೆ. ಹೊಕ್ಕುಳಿನ ಮೇಲಿನವು ಕೆಳಗೆ ಜರುಗಿ ಅಲ್ಲೇ ಇರುತ್ತವೆ. ಹೊಕ್ಕುಳಿನ ಕೆಳಗೆ ಸ್ಪರ್ಶ ತಿಳಿಯದಿರುವುದು ತಿಂಗಳುಗಟ್ಟಲೆ, ಕೆಲವರಲ್ಲಿ ಶಾಶ್ವತವಾಗಿ ಉಳಿಯಬಹುದು. ಧೂಮಪಾನಿಗಳಲ್ಲಿ ಚರ್ಮದ ಅಂಚು ಕೊಳೆಯುವ ಅಪಾಯವಿರುವುದರಿಂದ ಕನಿಷ್ಠ ನಾಲ್ಕು ವಾರ ಮೊದಲೇ ಸಿಗರೇಟು ಬಿಡಿಸುತ್ತಾರೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ಪ್ರಾಣ ಕಳೆದುಕೊಂಡದ್ದು ಹಲವರಿಗೆ ನೆನಪಿರಬಹುದು. ಅದನ್ನು ಹೇಳುತ್ತಿರುವುದು ಹೆದರಿಸಲು ಅಲ್ಲ. ದೇಹವನ್ನು ಕೊಯ್ಯುವ ಯಾವುದೂ ಬ್ಯೂಟಿ ಪಾರ್ಲರ್ ಕೆಲಸವಲ್ಲ, ತುರ್ತು ಬಂದರೆ ನಿಭಾಯಿಸುವ ವ್ಯವಸ್ಥೆ ಅಲ್ಲೇ ಇರಬೇಕು ಎಂಬುದಕ್ಕೆ. ಮುಂಗಡ ಕಟ್ಟುವ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಶಸ್ತ್ರಚಿಕಿತ್ಸೆ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪಡೆದವರೇ? ಬೋರ್ಡಿನಲ್ಲಿ 'ಕಾಸ್ಮೆಟಾಲಜಿಸ್ಟ್' ಎಂದಿದ್ದರೆ ಅದು ಸರ್ಜನ್ ಎಂದರ್ಥವಲ್ಲ. ಅರಿವಳಿಕೆ ತಜ್ಞರು ಯಾರು? ಐಸಿಯು ಇದೆಯೇ? ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ನೋಡಲು ಕೇಳುವುದರಲ್ಲಿ ಸಂಕೋಚ ಬೇಡ. ಖರ್ಚಿನ ವಿಷಯದಲ್ಲೂ ಒಂದು ಮಾತು: ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆ ಹೊರಗಿಡುತ್ತದೆ. 'ವಿಮೆಯಲ್ಲಿ ಹೇಗಾದರೂ ಮಾಡಿಸಿಕೊಡುತ್ತೇವೆ' ಎನ್ನುವ ಕಡೆ ಇನ್ನೇನೆಲ್ಲ ಹೊಂದಿಸುತ್ತಾರೋ ಎಂಬ ಅನುಮಾನ ನಮಗೆ ಬರುತ್ತದೆ.

ಮನೆಗೆ ಬಂದ ಮೇಲೆ ಮೊದಲ ದಿನಗಳಲ್ಲಿ ಹೊಲಿಗೆ ಎಳೆಯದಂತೆ ಸ್ವಲ್ಪ ಬಾಗಿಯೇ ನಡೆಯಬೇಕಾಗುತ್ತದೆ. ಚರ್ಮದಡಿ ನೀರು ತುಂಬಿಕೊಳ್ಳುವುದು ಸಾಮಾನ್ಯ ತೊಡಕು, ಅದಕ್ಕೇ ಕೆಲವು ದಿನ ನಳಿಕೆ ಬಿಟ್ಟಿರುತ್ತಾರೆ. ಬಿಗಿ ಉಡುಪನ್ನು ವಾರಗಟ್ಟಲೆ ಧರಿಸಬೇಕು, ಸುಮಾರು ಆರು ವಾರ ಮಗುವನ್ನಾಗಲಿ, ನೀರಿನ ಕೊಡವನ್ನಾಗಲಿ ಎತ್ತಬಾರದು. ಹಾಗೆಂದು ಹಾಸಿಗೆ ಬಿಟ್ಟೇಳದಿರುವುದು ತಪ್ಪು. ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಕಾಲಿನ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದು ಇದರಲ್ಲೇ, ಆದ್ದರಿಂದ ಮೊದಲ ದಿನದಿಂದಲೇ ನಿಧಾನವಾಗಿ ಓಡಾಡಿಸುತ್ತಾರೆ. ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಂಬ್ಯುಲೆನ್ಸ್‌ಗೆ 108ಕ್ಕೆ ಕರೆ ಮಾಡಿ, ಎಷ್ಟು ದಿನದ ಹಿಂದೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಮೊದಲೇ ಹೇಳಿ.