ಪರಸಿ ಹಾಸಿಸುವ ಮುನ್ನ ತಿಳಿದಿರಲಿ

ಮಣ್ಣಿನ ನೆಲಕ್ಕೆ ಕಲ್ಲು ಹಾಸಿಸಬೇಕೆಂಬುದು ನಮ್ಮ ಸಂಘಗಳ ತಾಯಂದಿರ ಬಹುದಿನದ ಆಸೆ. ಉಳಿತಾಯದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ ಈ ಕೆಲಸಕ್ಕೆ ಕೈಹಾಕುತ್ತಾರೆ. ಸಾಲದ ಕಂತು ಮುಗಿಯುವ ಮೊದಲೇ, "ಸಿಸ್ಟರ್, ಕಾಲಿಟ್ರ ಕಲ್ಲು ಅಲ್ಲಾಡ್ತಾವ್ರಿ" ಎಂಬ ಮಾತು ಕೆಲವರಿಂದ ಬರುತ್ತದೆ. ಹೆಚ್ಚಾಗಿ ಇಲ್ಲಿ ತಪ್ಪು ಕಲ್ಲಿನದಲ್ಲ, ಕಲ್ಲಿನ ಕೆಳಗೆ ನಡೆದ ಕೆಲಸದ್ದು.

ಕಲ್ಲು ಎಂಥದು?
ನಾವು ಪರಸಿ ಎನ್ನುವ ಶಹಾಬಾದ್ ಕಲ್ಲು ಕಲಬುರಗಿ ಜಿಲ್ಲೆಯ ಗಣಿಗಳಿಂದ ಬರುತ್ತದೆ. ಇದು ಸುಣ್ಣಕಲ್ಲು, ಪದರು ಪದರಾಗಿ ಏಳುತ್ತದೆ. ಆದ್ದರಿಂದ ಎಲ್ಲಾ ಕಲ್ಲುಗಳ ದಪ್ಪ ಒಂದೇ ಇರುವುದಿಲ್ಲ. ಕೊಳ್ಳುವಾಗ ಬಿರುಕು ಇದೆಯೇ ನೋಡಿ, ದಪ್ಪ ನೋಡಿ ವಿಂಗಡಿಸಿ. ಒಡೆಯುವುದು, ಕತ್ತರಿಸುವುದು ಇರುತ್ತದೆ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ 110 ಚದರ ಅಡಿ ತಂದರೆ ಒಳ್ಳೆಯದು. ಬಚ್ಚಲಿಗೆ ಪಾಲಿಶ್ ಕಲ್ಲು ಬೇಡ. ಒದ್ದೆಯಾದರೆ ವಯಸ್ಸಾದವರು ಜಾರಿ ಬೀಳುತ್ತಾರೆ.

ಹಾಸುವ ಕ್ರಮ
1. ತುಂಬಿದ ಮಣ್ಣಿಗೆ ನೀರು ಹಾಕಿ ಚೆನ್ನಾಗಿ ಗುದ್ದಿಸಬೇಕು. ಮಣ್ಣು ಕುಸಿದರೆ ಮೇಲಿನದೆಲ್ಲಾ ಕುಸಿಯುತ್ತದೆ. ಅದರ ಮೇಲೆ 3ರಿಂದ 4 ಇಂಚು ಕಾಂಕ್ರೀಟ್ ಇರಲಿ.
2. ದಾರ ಕಟ್ಟಿ ಮಟ್ಟ ನೋಡಬೇಕು. ಬಚ್ಚಲಲ್ಲಿ ನೀರು ಹೋಗುವ ಕಡೆಗೆ 10 ಅಡಿಗೆ ಸುಮಾರು 2ರಿಂದ 2.5 ಇಂಚು ಇಳಿಜಾರು ಬೇಕು.
3. 1 ಬುಟ್ಟಿ ಸಿಮೆಂಟಿಗೆ 4ರಿಂದ 6 ಬುಟ್ಟಿ ಮರಳು ಕಲಸಿ, ಸುಮಾರು 1 ಇಂಚು ದಪ್ಪ ಹರಡಬೇಕು. ಕಲಸಿದ್ದನ್ನು ಗಟ್ಟಿಯಾಗುವ ಮೊದಲೇ ಬಳಸಿ.
4. ಕಲ್ಲಿನ ಬೆನ್ನಿನ ಧೂಳು ತೊಳೆದು, ಒದ್ದೆ ಮಾಡಿ, ಗಂಜಿಯಂತೆ ಕಲಸಿದ ಸಿಮೆಂಟ್ ಬಳಿದು ಕೂರಿಸಬೇಕು. ಮರದ ಸುತ್ತಿಗೆಯಿಂದ ಬಡಿದು ಮಟ್ಟಕ್ಕೆ ತರಬೇಕು. ನಾಲ್ಕು ಮೂಲೆಗೆ ಮಾತ್ರ ಸಿಮೆಂಟ್ ಇಟ್ಟು ಕೂರಿಸಿದರೆ ನಡುವೆ ಪೊಳ್ಳಾಗುತ್ತದೆ. ಮುಂದೆ ಒಡೆಯುವುದು ಅಲ್ಲಿಯೇ.
5. ಮಾರನೆಯ ದಿನ ಸಂದು ತುಂಬಿ, 7 ದಿನ ನೆಲ ಒಣಗದಂತೆ ನೀರು ಹಾಕುತ್ತಿರಬೇಕು. ಮೊದಲ ಎರಡು ದಿನ ಯಾರೂ ತುಳಿಯಬಾರದು. "ಹಬ್ಬ ಬಂತು" ಎಂದು ಅವಸರ ಮಾಡಬೇಡಿ.

ದುಡಿಯುವವರ ಆರೋಗ್ಯ
ಕಲ್ಲು ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಬಿಡುತ್ತಾ, ಹೊರಗೆ ಕತ್ತರಿಸಲಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಸಿಮೆಂಟ್ ಕಲಸುವ ನಮ್ಮ ಅಕ್ಕತಂಗಿಯರಿಗೆ ಕೈಚೀಲ ಕೊಡಿಸುವುದು ಮನೆಯವರ ಕರ್ತವ್ಯ.

ಆಸಿಡ್ ಬೇಡ
ಸಿಮೆಂಟ್ ಕಲೆ ತೆಗೆಯಲು ಕೆಲವರು ಆಸಿಡ್ ಸುರಿಯುತ್ತಾರೆ. ಸುಣ್ಣಕಲ್ಲನ್ನು ಆಸಿಡ್ ತಿನ್ನುತ್ತದೆ. ಹೊಳಪು ಹೋಗಿ ಮೇಲ್ಮೈ ತರಿಯಾಗುತ್ತದೆ. ನಿಂಬೆರಸ, ಹುಣಸೆಹುಳಿ ಚೆಲ್ಲಿದರೂ ಕೂಡಲೇ ಒರೆಸಿ. ಕಲೆಯನ್ನು ಹಸಿ ಇರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರೆ ಸಾಕು.

ಒಂದು ಕಿವಿಮಾತು: ಕೂಲಿಯ ಕೊನೆಯ ಕಂತನ್ನು ವಾರದ ನಂತರ ಕೊಡುವುದೆಂದು ಗೌಂಡಿಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಆ ದಿನ ಅವರ ಎದುರಿನಲ್ಲೇ ಪ್ರತಿ ಕಲ್ಲನ್ನೂ ಮೆಲ್ಲಗೆ ತಟ್ಟಿ. ಪೊಳ್ಳು ಸದ್ದು ಬಂದ ಕಲ್ಲನ್ನು ಎಬ್ಬಿಸಿ ಮತ್ತೆ ಕೂರಿಸಲಿ. ಎಲ್ಲಾ ಸರಿಯಿದ್ದರೆ ಹಣವನ್ನು ಅಂದೇ, ಪೂರ್ತಿಯಾಗಿ ಕೊಟ್ಟುಬಿಡಿ. ಅದು ಅವರ ಬೆವರಿನ ದುಡ್ಡು.